ಗೋಂದಮ್ಮ ಅಂಟಿಸಿದ ಅಧ್ಯಾಯ

ಗೋಂದಮ್ಮನವರು ಯಾವುದೇ ಕೋಣೆಯ ನಡುಮಧ್ಯದಲ್ಲಿ ನಡೆದುಹೋದದ್ದನ್ನು ಕಂಡವರಿಲ್ಲ. ಅವರು ಕೆಲಸ ಮಾಡುತ್ತಿದ್ದ ಗ್ರಂಥಾಲಯದ ಮಕ್ಕಳ ವಿಭಾಗ ಒಂದು ವಿಶಾಲವಾದ ಹಜಾರ. ನಡುವೆ ಹಸಿರು ನೆಲಹಾಸು, ಸುತ್ತಲೂ ಎದೆಯೆತ್ತರದ ಕಪಾಟುಗಳು, ಆಚೆ ತುದಿಯಲ್ಲಿ ಕಿಟಕಿಗೆ ಬೆನ್ನು ಮಾಡಿದ ಅವರ ಮೇಜು. ಬಾಗಿಲಿನಿಂದ ಮೇಜಿಗೆ ನೆಟ್ಟಗೆ ನಡೆದರೆ ಯಾರಿಗಾದರೂ ಒಂದು ಗಳಿಗೆಯ ದಾರಿ. ಗೋಂದಮ್ಮನವರು ಮಾತ್ರ ಬೆಳಿಗ್ಗೆ ಬಂದವರೇ ಎಡಗೈಯನ್ನು ಕಪಾಟಿನ ಅಂಚಿಗೆ ತಾಗಿಸಿ, ಗೋಡೆಯ ಮಗ್ಗುಲಲ್ಲೇ ಸಣ್ಣ ಸಣ್ಣ ಹೆಜ್ಜೆಯಿಡುತ್ತ, ಮೂಲೆ ಮೂಲೆಯನ್ನೂ ಬಳಸಿಕೊಂಡು, ಹಜಾರವನ್ನೆಲ್ಲ ಸುತ್ತಿ ಬಂದು ಕುರ್ಚಿ ಮುಟ್ಟಿದ ಮೇಲೆಯೇ ಉಸಿರು ಬಿಡುತ್ತಿದ್ದರು. ನಡುವಿನ ನೆಲ ಯಾವ ಕ್ಷಣದಲ್ಲಾದರೂ ಬಾಯಿ ತೆರೆದೀತು ಎಂಬ ಗುಮಾನಿ ಅವರಿಗಿತ್ತೆಂದು ಕಾಣುತ್ತದೆ. ಕೇಳಿದರೆ "ಹೀಗೇ, ಅಭ್ಯಾಸ" ಎಂದು ನಗುತ್ತಿದ್ದರು; ನಗುವಾಗಲೂ ಕೈ ಕಪಾಟನ್ನು ಬಿಡುತ್ತಿರಲಿಲ್ಲ.

ಮೈಮೇಲೆ ಸದಾ ಒಂದು ಬೂದು ಬಣ್ಣದ ಕೋಟು. ಬೇಸಿಗೆಯ ಧಗೆಯಲ್ಲೂ ಅದನ್ನು ಕಳಚಿದವರಲ್ಲ, ಏಕೆಂದರೆ ಅದರ ಜೇಬುಗಳಲ್ಲಿ ಅವರ ಸಮಸ್ತ ರಕ್ಷಣಾವ್ಯವಸ್ಥೆಯೂ ಅಡಗಿತ್ತು: ಗಾಯಕ್ಕೆ ಸುತ್ತುವ ಪಟ್ಟಿ, ಬೆರಳುದ್ದದ ಟಾರ್ಚು, ಸೂಜಿದಾರ, ತಾವೇ ಎಲ್ಲಾದರೂ ಎಚ್ಚರತಪ್ಪಿ ಬಿದ್ದರೆ ಎತ್ತಿದವರಿಗೆ ತಿಳಿಯಲೆಂದು ಮನೆಯ ವಿಳಾಸ ಬರೆದ ಚೀಟಿ, ಭೂಕಂಪವಾಗಿ ಕಟ್ಟಡ ಕುಸಿದರೆ ಇಟ್ಟಿಗೆಯ ರಾಶಿಯಡಿಯಿಂದ ಊದಲೆಂದು ಒಂದು ಸೀಟಿ. ಅವರ ಮಾತೂ ಹಾಗೆಯೇ. ಯಾವ ಮಾತಿಗಾದರೂ ಬಾಲದಂತೆ "ಏನೂ ಆಗಲ್ಲ ತಾನೇ?" ಎಂಬುದೊಂದು ಅಂಟಿಕೊಂಡಿರುತ್ತಿತ್ತು. ಕಿಟಕಿ ತೆರೆದರೆ ಏನೂ ಆಗಲ್ಲ ತಾನೇ, ಲಿಫ್ಟಿನಲ್ಲಿ ಇಬ್ಬರು ಹೆಚ್ಚಾದರೆ ಏನೂ ಆಗಲ್ಲ ತಾನೇ, ಮಗು ಸೀನಿದರೆ ಏನೂ ಆಗಲ್ಲ ತಾನೇ. ಅವರೊಂದಿಗೆ ಮೂರನೆಯ ಮಹಡಿಯ ಮನೆಯಲ್ಲಿದ್ದ ಅಕ್ಕ, ನರ್ಸ್ ಕೆಲಸದಿಂದ ನಿವೃತ್ತರಾದ ಗಟ್ಟಿಗಿತ್ತಿ, ಇದನ್ನು ಕೇಳಿ ಕೇಳಿ ರೋಸಿಹೋಗಿದ್ದರು. "ನಿನ್ನಿಂದ ದೆವ್ವಗಳಿಗೂ ಕೆಲಸವಿಲ್ಲದ ಹಾಗಾಯ್ತು ಕಣೇ. ಅವು ಬರೋಷ್ಟರಲ್ಲಿ ನೀನು ಹೆದರಿ ಮುಗಿಸಿರ್ತೀಯ" ಎನ್ನುತ್ತಿದ್ದರು.

ಇನ್ನು ಅವರ ಹೆಸರಿನ ವಿಚಾರ. ಅದು ಹೆತ್ತವರಿಟ್ಟದ್ದಲ್ಲ, ಮಕ್ಕಳಿಟ್ಟದ್ದು. ಹರಿದ ಪುಸ್ತಕಗಳನ್ನು ರಿಪೇರಿ ಮಾಡುವುದು ಅವರ ಕೆಲಸದ ಒಂದು ಭಾಗ. ಅದಕ್ಕೆಂದು ಮೇಜಿನ ಮೇಲೆ ಗೋಂದಿನ ಬಾಟಲಿ, ಒಂದು ಸಣ್ಣ ಕುಂಚ, ಒತ್ತಿಡಲು ಭಾರದ ಕಲ್ಲು ಇರುತ್ತಿದ್ದವು. ಇಷ್ಟರಲ್ಲಿ ವಿಶೇಷವೇನಿಲ್ಲ. ವಿಶೇಷವೆಂದರೆ, ಹರಿಯದ ಪುಸ್ತಕಕ್ಕೂ ಅವರು ಗೋಂದು ಹಚ್ಚುತ್ತಿದ್ದರು. ಹೊಸ ಪುಸ್ತಕ ಬಂತೆಂದರೆ ಮಕ್ಕಳ ಕೈಗೆ ಕೊಡುವ ಮುನ್ನ ತಾವೇ ಕುಳಿತು ಅಕ್ಷರ ಬಿಡದೆ ಓದುವರು. ಎಲ್ಲಿ ನಾಯಿಮರಿ ಸಾಯುತ್ತದೆಯೋ, ಎಲ್ಲಿ ಕೂಸು ಸಂತೆಯಲ್ಲಿ ತಪ್ಪಿಸಿಕೊಳ್ಳುತ್ತದೆಯೋ, ಎಲ್ಲಿ ಬಾವಿಯ ಕಟ್ಟೆಯ ಮೇಲೆ ಯಾರೋ ಬಗ್ಗಿ ನೋಡುತ್ತಾರೋ, ಆ ಪುಟದ ಅಂಚಿಗೆ ಕುಂಚದಿಂದ ತೆಳ್ಳಗೆ ಗೋಂದೆಳೆದು, ಪಕ್ಕದ ಪುಟಕ್ಕೆ ಜೋಡಿಸಿ, ಮೇಲೆ ಕಲ್ಲಿಡುವರು. ಸಂಜೆಯ ಹೊತ್ತಿಗೆ ಆ ಎರಡು ಪುಟ ಒಂದೇ ಪುಟವಾಗಿ, ಜಗತ್ತಿನ ಒಂದು ಆಪತ್ತು ಕಡಿಮೆಯಾಗಿರುತ್ತಿತ್ತು. ಇದಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ. ಯಾರೂ ಬೇಡವೆಂದೂ ಇರಲಿಲ್ಲ, ಏಕೆಂದರೆ ದೊಡ್ಡವರು ಯಾರೂ ಮಕ್ಕಳ ಪುಸ್ತಕಗಳನ್ನು ಬಿಡಿಸಿ ನೋಡುವುದಿಲ್ಲ.

ಮಕ್ಕಳಿಗೆ ಮಾತ್ರ ಎಲ್ಲ ಗೊತ್ತಿತ್ತು. ಒಂದು ಕಡಲಯಾನದ ಕಥೆಯಲ್ಲಿ ಮೋಡ ಕವಿದ ಮರುಪುಟದಲ್ಲೇ ನಾವಿಕರು ದಡದ ಮೇಲೆ ಬಟ್ಟೆ ಒಣಗಹಾಕುತ್ತಿದ್ದರು. ಬಟ್ಟೆ ಒದ್ದೆಯಾದದ್ದು ಹೇಗೆಂದು ಕಥೆಯಲ್ಲಿ ಯಾರಿಗೂ ತಿಳಿದಂತಿರಲಿಲ್ಲ. ಇನ್ನೊಂದರಲ್ಲಿ ಕಾಡಿಗೆ ಹೋದ ಅಣ್ಣತಮ್ಮಂದಿರು ಒಳಗೆ ಏನನ್ನೂ ಕಾಣದೆ, ಆದರೆ ಕೂದಲೆಲ್ಲ ಕೆದರಿಕೊಂಡು, ಹೊರಗೆ ಬರುತ್ತಿದ್ದರು. ಮಕ್ಕಳು ಅಂಟಿದ ಪುಟಗಳಿರುವ ಪುಸ್ತಕಗಳನ್ನೇ ಹುಡುಕಿ ಹುಡುಕಿ ಒಯ್ಯುತ್ತಿದ್ದರು, ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಮಗ್ಗುಲಿನ ಅಕ್ಷರಗಳು ಒಂದರ ಮೇಲೊಂದು ಬಿದ್ದ ಗೋಜಲಿನಲ್ಲಿ "ರಕ್ತ" ಎಂಬಂಥ ಪದವೊಂದು ಸಿಕ್ಕಿದರೆ ಕುಣಿದಾಡುತ್ತಿದ್ದರು. ಗೋಂದಮ್ಮನವರಿಗೆ ಇದು ತಿಳಿಯಲೇ ಇಲ್ಲ. ಮಕ್ಕಳು ಪುಸ್ತಕವನ್ನು ಬೆಳಕಿಗೆ ಹಿಡಿದು ಓದುತ್ತಾರೆ, ಕಣ್ಣಿಗೆ ಒಳ್ಳೆಯದು ಎಂದೇ ಅವರು ನಂಬಿದ್ದರು.

ಆ ವರ್ಷ ಗ್ರಂಥಪಾಲಕರಿಗೊಂದು ಹುಮ್ಮಸ್ಸು ಬಂತು. ಅವರು ದೊಡ್ಡ ಹೊಟ್ಟೆಯ, ದೊಡ್ಡ ದನಿಯ, ಯಾವುದಕ್ಕೂ ಬೆಚ್ಚದ ಮನುಷ್ಯ. ಪ್ರತಿ ಶನಿವಾರ ಬೆಳಿಗ್ಗೆ ಮಕ್ಕಳು ನೆಲಹಾಸಿನ ಮೇಲೆ ಸುತ್ತ ಕೂತು ಒಂದೇ ಕಾದಂಬರಿಯನ್ನು ಸರದಿಯಲ್ಲಿ ಗಟ್ಟಿಯಾಗಿ ಓದಬೇಕು, ಮುಗಿದ ಮೇಲೆ ಅದರ ಕುರಿತು ಚರ್ಚಿಸಬೇಕು, ಚರ್ಚೆಯನ್ನು ಗೋಂದಮ್ಮನವರು ನಡೆಸಬೇಕು ಎಂದು ಏರ್ಪಾಡು ಮಾಡಿದರು. ಕಾದಂಬರಿಯನ್ನೂ ಅವರೇ ಆರಿಸಿದರು. ತಂದೆತಾಯಿ ಬೇರೆಯಾಗುವುದನ್ನು ನೋಡುತ್ತ ಬೆಳೆಯುವ ಒಬ್ಬ ಹುಡುಗಿಯ ಕಥೆ ಅದು. ಮೊದಲಿಗೆ ಮನೆಯಲ್ಲಿ ಮಾತು ನಿಲ್ಲುತ್ತದೆ. ಆಮೇಲೆ ಕುರ್ಚಿ ಮೇಜುಗಳು ಹಂಚಿಹೋಗುತ್ತವೆ. ಗೋಡೆಯ ಮೇಲೆ ಚಿತ್ರಗಳಿದ್ದ ಕಡೆ ಬಿಳಿಯ ಚೌಕಗಳು ಉಳಿಯುತ್ತವೆ, ಹುಡುಗಿ ಆ ಚೌಕಗಳಲ್ಲಿ ಬಣ್ಣದ ಕಡ್ಡಿಯಿಂದ ತಾನೇ ಚಿತ್ರ ಬರೆಯುತ್ತಾಳೆ. ಕೊನೆಗೊಂದು ದಿನ ತಾಯಿ ಅವಳ ಅಂಗಿಗೆ ಇಸ್ತ್ರಿ ಹಾಕುತ್ತ, ನಾಳೆ ನ್ಯಾಯಾಧೀಶರು ನಿನ್ನನ್ನು ಒಬ್ಬಳನ್ನೇ ಕೋಣೆಗೆ ಕರೆದು ಯಾರ ಜೊತೆ ಇರುತ್ತೀ ಎಂದು ಕೇಳುತ್ತಾರೆ ಎನ್ನುತ್ತಾಳೆ. ಅದರ ಮುಂದಿನದು ಆ ಕೋಣೆಯ ಅಧ್ಯಾಯ.

ಗೋಂದಮ್ಮನವರು ಆ ಅಧ್ಯಾಯವನ್ನು ಓದಿ ಪುಸ್ತಕ ಮುಚ್ಚಿಟ್ಟವರು, ಬಹಳ ಹೊತ್ತು ಕೈಗಳನ್ನು ಕೋಟಿನ ಜೇಬಿನಿಂದ ಹೊರತೆಗೆಯಲಿಲ್ಲ. ನಾಯಿಮರಿ ಸಾಯುವುದನ್ನು ಅವರು ಕಂಡಿದ್ದರು, ಹಡಗು ಮುಳುಗುವುದನ್ನು ಕಂಡಿದ್ದರು. ಆದರೆ ಇಲ್ಲಿ ಯಾರೂ ಸಾಯದೆ, ಯಾರೂ ಕೂಗಾಡದೆ, ಒಬ್ಬ ಸಜ್ಜನ ನಗುನಗುತ್ತ ಒಂದು ಪ್ರಶ್ನೆ ಕೇಳುತ್ತಾನೆ, ಅಷ್ಟಕ್ಕೇ ಅವರ ನಾಲಿಗೆ ಒಣಗಿಹೋಗಿತ್ತು. ಇದಕ್ಕೊಂದು ಕಾರಣವಿತ್ತು. ಶನಿವಾರದ ಗುಂಪಿನಲ್ಲಿ ಒಬ್ಬ ಹುಡುಗಿಯಿದ್ದಳು. ಹತ್ತು ವರ್ಷದವಳಿರಬೇಕು, ಕೊರಳಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈಗಳು, ಕೆಲವು ಅಮ್ಮನ ಮನೆಯವು, ಕೆಲವು ಅಪ್ಪನ ಮನೆಯವು. ಅವಳು ನಡೆದರೆ ಝಣಝಣ ಎನ್ನುತ್ತಿತ್ತು. ಉಳಿದ ಮಕ್ಕಳು ಅವಳನ್ನು ಗೊಂಚಲು ಎಂದು ಕರೆಯುತ್ತಿದ್ದರು. ಅವಳು ಅದಕ್ಕೆ ಬೇಸರಪಟ್ಟುಕೊಂಡವಳಲ್ಲ, ಯಾವುದಕ್ಕೂ ಬೇಸರಪಟ್ಟುಕೊಂಡದ್ದನ್ನು ತೋರಿಸಿದವಳಲ್ಲ. ಅದೇ ಗೋಂದಮ್ಮನವರಿಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುತ್ತಿತ್ತು.

ಕಾದಂಬರಿ ಮುಗಿಯುವುದಕ್ಕೆ ಒಂದು ವಾರವಿರುವಾಗ ಗೊಂಚಲಿನ ತಾಯಿ ಮೇಜಿನ ಬಳಿ ಬಂದು ನಿಂತರು. ನೀಟಾಗಿ ಬಾಚಿದ ತಲೆ, ನಿದ್ದೆಗೆಟ್ಟ ಕಣ್ಣು.

"ಮೇಡಂ, ಇವಳು ಇಲ್ಲಿದ್ದಷ್ಟು ಹೊತ್ತು ಮಾತ್ರ ನನಗೆ ನೆಮ್ಮದಿ" ಎಂದರು, ದನಿ ತಗ್ಗಿಸಿ. "ಬರೋ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ ಕೋರ್ಟಲ್ಲಿ ಜಡ್ಜ್ ಇವಳನ್ನ ಕೇಳ್ತಾರಂತೆ. ಯಾರ ಜೊತೆ ಇರ್ತೀಯ ಅಂತ. ಅಲ್ಲೀವರೆಗೂ ಅವಳ ಮನಸ್ಸಿಗೆ ಏನೂ ತಾಗ್ದೇ ಇರ್ಲಿ. ನೀವು ಸ್ವಲ್ಪ ನೋಡ್ಕೊಳ್ಳಿ."

"ನೋಡ್ಕೋತೀನಮ್ಮ" ಎಂದರು ಗೋಂದಮ್ಮನವರು.

ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿಯನ್ನು ಬಿಚ್ಚದೆಯೇ ಅವರು ಕುಂಚ ತೆಗೆದುಕೊಂಡರು. ಎಂದಿನಂತೆ ಅಂಚಿಗಷ್ಟೇ ಹಚ್ಚಿ ಸುಮ್ಮನಾಗಲಿಲ್ಲ. ಪುಟದ ಮೈಗೆಲ್ಲ ಗೋಂದು ಬಳಿದರು, ಒಂದರ ಮೇಲೊಂದು, ಇಡೀ ಅಧ್ಯಾಯ ಸೇರಿ ಒಂದು ರಟ್ಟಿನಂತೆ ಗಟ್ಟಿಯಾಗುವವರೆಗೆ. ಇನ್ನು ಬೆಳಕಿಗೆ ಹಿಡಿದರೂ ಒಂದಕ್ಷರ ಕಾಣುವಂತಿರಲಿಲ್ಲ. ಕಲ್ಲನ್ನು ಮೇಲಿಟ್ಟು, ಅದರ ಮೇಲೆ ತಮ್ಮ ಎರಡೂ ಅಂಗೈಯಿಟ್ಟು ಒತ್ತಿಕೊಂಡು ಕೂತರು. ಹೊರಗಿನಿಂದ ನೋಡಿದವರಿಗೆ ಒಳಗಿನಿಂದ ಏನೋ ಎದ್ದುಬರದಂತೆ ತಡೆಯುತ್ತಿದ್ದಾರೆಂದು ತೋರಬಹುದಿತ್ತು. ಅದು ಸುಳ್ಳೂ ಆಗಿರಲಿಲ್ಲ.

ಚರ್ಚೆಯ ಶನಿವಾರ ಬಂತು. ಗ್ರಂಥಪಾಲಕರು ಬಾಗಿಲಲ್ಲಿ ನಿಂತು "ಜೋರಾಗಿ ನಡೀಲಿ ಮೇಡಂ" ಎಂದು ಹುರಿದುಂಬಿಸಿ ಹೋದರು. ಕಥೆಯ ಕೊನೆಯ ಅಧ್ಯಾಯವನ್ನು ಮಕ್ಕಳು ಆಗಷ್ಟೇ ಓದಿ ಮುಗಿಸಿದ್ದರು. ಅದರಲ್ಲಿ ಹುಡುಗಿ ತಂದೆಯ ಹೊಸ ಮನೆಯಲ್ಲಿರುತ್ತಾಳೆ, ಸೈಕಲ್ ಕಲಿಯುತ್ತಿರುತ್ತಾಳೆ, ಪ್ರತಿ ಬುಧವಾರ ತಾಯಿ ಬಂದು ಸಂಜೆಯವರೆಗೂ ಜೊತೆಗಿದ್ದು ಹೋಗುತ್ತಾಳೆ. ಇಸ್ತ್ರಿಯ ಅಂಗಿಯಿಂದ ಒಮ್ಮೆಲೇ ಸೈಕಲ್ಲಿಗೆ ಕಥೆ ಹಾರಿತ್ತು. ನಡುವೆ ಆ ರಟ್ಟು.

"ಅಮ್ಮ ಸತ್ತೋಗಿರ್ತಾಳೆ" ಎಂದ ಮುಂದಿನ ಹಲ್ಲು ಬಿದ್ದಿದ್ದವನೊಬ್ಬ, ಬಹಳ ಉತ್ಸಾಹದಿಂದ.

"ಲೋ, ಕೊನೇಲಿ ಬುಧವಾರ ಬರ್ತಾಳಲ್ಲೋ. ಸತ್ತೋರು ವಾರ ನೋಡ್ಕೊಂಡು ಬರ್ತಾರಾ?" ಎಂದಳು ಉದ್ದ ಜಡೆಯವಳು.

"ಹಾಗಿದ್ರೆ ಅಪ್ಪ ಅವಳನ್ನ ಎತ್ಕೊಂಡು ಓಡಿಹೋಗಿರ್ತಾನೆ. ಪೊಲೀಸ್ನೋರು ಅಟ್ಟಿಸ್ಕೊಂಡು ಬಂದಿರ್ತಾರೆ. ಗುಂಡು ಹಾರ್ಸಿರ್ತಾರೆ. ಅದಕ್ಕೇ ಇಷ್ಟು ದಪ್ಪ ಅಂಟ್ಸಿರೋದು!" ಎಂದ ಹಲ್ಲು ಬಿದ್ದವನು, ಪಟ್ಟು ಬಿಡದೆ.

ಗೋಂದಮ್ಮನವರಿಗೆ ಕೂತಲ್ಲೇ ಬೆವರಿತು. ಗುಂಡು, ಪೊಲೀಸು, ಸಾವು ಇವೊಂದೂ ಆ ಪುಟಗಳಲ್ಲಿರಲಿಲ್ಲ. ತಾವು ಮುಚ್ಚಿದ ಜಾಗದಲ್ಲಿ ಇವೆಲ್ಲ ಮೊಳೆತದ್ದು ಹೇಗೆಂದು ಅವರಿಗೆ ಹೊಳೆಯಲಿಲ್ಲ. "ಅಂಥದ್ದೇನಿಲ್ಲ ಮಕ್ಕಳೇ, ಸುಮ್ನಿರಿ" ಎನ್ನುವಷ್ಟರಲ್ಲಿ ಝಣ್ ಎಂದಿತು. ಗೊಂಚಲು ಎದ್ದು ನಿಂತಿದ್ದಳು.

"ಅದ್ಯಾವ್ದೂ ಅಲ್ಲ" ಎಂದಳು. "ಜಡ್ಜ್ ಕೇಳಿದಾಗ ಅವಳು ಏನೋ ಹೇಳಿದಾಳೆ. ಹೇಳಬಾರದ್ದು. ಅದು ಎಷ್ಟು ಕೆಟ್ಟ ಮಾತು ಅಂದ್ರೆ, ಪುಸ್ತಕದಲ್ಲೂ ಯಾರೂ ಓದಬಾರದು ಅಂತ ಮುಚ್ಚಿಬಿಟ್ಟಿದಾರೆ." ಆಮೇಲೆ ಗೋಂದಮ್ಮನವರತ್ತ ತಿರುಗಿ, "ಅಲ್ವಾ ಆಂಟಿ? ಅವಳು ಏನಂದ್ಲು?" ಎಂದು ಕೇಳಿದಳು.

ಮಕ್ಕಳ ಕಣ್ಣೆಲ್ಲ ಬೂದು ಕೋಟಿನ ಮೇಲೆ. ತಾಯಿಗೆ ಕೊಟ್ಟ ಮಾತು ಒಂದು ಕಡೆ, ಈ ಎಳೆಯ ಮುಖ ಒಂದು ಕಡೆ. ಯಾವ ಕಡೆ ಒಂದು ಹೆಜ್ಜೆಯಿಟ್ಟರೂ ನೆಲ ಕುಸಿದೀತು. "ನಂಗೆ... ಈಗ ಸರಿಯಾಗಿ ನೆನಪಿಲ್ಲ ಮರಿ. ಮುಂದಿನ ಪ್ರಶ್ನೆ ಯಾರದ್ದು?" ಎಂದುಬಿಟ್ಟರು ಗೋಂದಮ್ಮನವರು. ಗೊಂಚಲು ಸದ್ದಾಗದಂತೆ ಬೀಗದ ಕೈಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕುಳಿತಳು. ಅವಳ ಮುಖದಲ್ಲಿ ಆಗ ಕಂಡದ್ದೇನೆಂದು ಗೋಂದಮ್ಮನವರಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಅವರು ಅದನ್ನೇ ನೋಡುತ್ತಿದ್ದರು.

ಚರ್ಚೆ ಹೇಗೋ ಮುಗಿಯಿತು. ಮಕ್ಕಳು ಚದುರಿದರು. ಗೊಂಚಲಿನ ತಾಯಿ ಬಂದು "ಎಲ್ಲಿ ಇವಳು?" ಎಂದು ಕೇಳಿದಾಗಲೇ ಗೋಂದಮ್ಮನವರು ಸುತ್ತ ನೋಡಿದ್ದು. ನೆಲಹಾಸಿನ ಮೇಲೆ ಯಾರೂ ಇಲ್ಲ. ಮೇಜಿನ ಮೇಲಿದ್ದ ಕಾದಂಬರಿಯೂ ಇಲ್ಲ.

ಮುಂದೆ ನಡೆದ ಹುಡುಕಾಟವನ್ನು ಗೋಂದಮ್ಮನವರ ಅಕ್ಕ ಆಮೇಲೆ ತಮಾಷೆ ಮಾಡಲು ನೋಡಿದ್ದುಂಟು. ಆದರೆ ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಜೀವಮಾನವಿಡೀ ಯಾವ ಗಳಿಗೆಗಾಗಿ ಜೇಬು ತುಂಬಿಕೊಂಡು ಓಡಾಡಿದ್ದರೋ ಆ ಗಳಿಗೆ ಬಂದಿತ್ತು, ಮತ್ತು ಜೇಬಿನಲ್ಲಿದ್ದ ಯಾವುದೂ ಅದಕ್ಕೆ ಮದ್ದಾಗಿರಲಿಲ್ಲ. ತಾಯಿ ಬೀದಿಯ ಕಡೆ ಓಡಿದರು. ಗ್ರಂಥಪಾಲಕರು ಮೇಲಿನ ಮಹಡಿಗೆ. ಗೋಂದಮ್ಮನವರ ಕಣ್ಣ ಮುಂದೆ ಒಂದಲ್ಲ, ನೂರು ಗೊಂಚಲುಗಳು: ರಸ್ತೆ ದಾಟುತ್ತಿರುವವಳು, ಮೆಟ್ಟಿಲಿಂದ ಉರುಳಿದವಳು, ಯಾರದೋ ಕೈಹಿಡಿದು ಹೋಗುತ್ತಿರುವವಳು. ಆ ಎಲ್ಲ ಪುಟಗಳನ್ನು ಅವರು ಪುಸ್ತಕಗಳಲ್ಲಿ ಓದಿದ್ದರು, ತಾವೊಬ್ಬರೇ ಓದಿದ್ದರು. ಅಂಟಿಸುವವರಿಗೆ ಎಲ್ಲವನ್ನೂ ಓದದೆ ಗತಿಯಿಲ್ಲವಲ್ಲ.

ಅಷ್ಟರಲ್ಲಿ ಕೆಳಗಿನಿಂದ ನೀರಿನ ಸದ್ದು ಕೇಳಿಸಿತು. ನೆಲಮಾಳಿಗೆಯಲ್ಲಿ ಹಳೆಯ ಬೈಂಡಿಂಗ್ ಕೋಣೆಯೊಂದಿತ್ತು. ಅಲ್ಲಿಯ ದೀಪ ಕೆಟ್ಟು ಎಷ್ಟೋ ಕಾಲವಾಗಿತ್ತು, ಬಾಗಿಲು ತೆರೆದರೆ ಹಾವೋ ಹಲ್ಲಿಯೋ ಎಂಬಂಥ ಜಾಗ. ಗೋಂದಮ್ಮನವರು ಅದರ ಮೆಟ್ಟಿಲ ತಲೆಯಲ್ಲಿ ಸಹ ನಿಂತವರಲ್ಲ. ಈಗ ನಿಂತರು. ಕಾಲು ಮುಂದೆ ಹೋಗಲೊಲ್ಲದು. ಕಂಬಿಯನ್ನು ಎರಡು ಕೈಯಲ್ಲೂ ಹಿಡಿದು, ಕೂತು, ಚಿಕ್ಕ ಮಕ್ಕಳು ಇಳಿಯುವಂತೆ ಒಂದೊಂದೇ ಮೆಟ್ಟಿಲನ್ನು ಕೂತುಕೊಂಡೇ ಇಳಿದರು. ಕೋಟು ಧೂಳಾಯಿತು. ಇದನ್ನು ಧೈರ್ಯವೆಂದು ಕರೆಯುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಮೇಲೆ ನಿಂತಿರುವುದು ಕೆಳಗೆ ಹೋಗುವುದಕ್ಕಿಂತ ಹೆಚ್ಚು ಭಯಂಕರವಾಗಿತ್ತು, ಅಷ್ಟೇ.

ಟಾರ್ಚಿನ ಬೆಳಕಿನಲ್ಲಿ ಗೊಂಚಲು ಕಂಡಳು. ಗವಾಕ್ಷಿಯ ಮಂದ ಬೆಳಕು ಬೀಳುತ್ತಿದ್ದ ಮೂಲೆಯ ತೊಟ್ಟಿಯ ನಲ್ಲಿ ಬಿಟ್ಟುಕೊಂಡು, ಪುಸ್ತಕವನ್ನು ಅದರಡಿ ಹಿಡಿದಿದ್ದಳು. ಗೋಂದು ನೀರಿಗೆ ಬಿಡುತ್ತದೆಂದು ಅವಳಿಗೆ ಗೊತ್ತಿತ್ತು; ಕಾಗದವೂ ಬಿಡುತ್ತದೆಂದು ಗೊತ್ತಿರಲಿಲ್ಲ. ಇಡೀ ಅಧ್ಯಾಯ ಮುದ್ದೆಯಾಗಿ ಅವಳ ಬೆರಳ ಸಂದಿಯಿಂದ ಜಾರುತ್ತಿತ್ತು. ಅವಳು ಅಳುತ್ತಿದ್ದಳೆಂದರೆ ಸಾಲದು. ಹಲ್ಲು ಕಟಕಟ ಎನ್ನುತ್ತಿದ್ದವು.

"ಒಂದು ಸಾಲೂ ಸಿಗ್ಲಿಲ್ಲ ಆಂಟಿ" ಎಂದಳು. "ಒಂದೇ ಒಂದು ಸಾಲು ಸಿಕ್ಕಿದ್ರೆ ಸಾಕಿತ್ತು. ನಂಗೂ ಕೇಳ್ತಾರೆ. ನಾನೂ ಅದೇ ಮಾತು ಹೇಳಿಬಿಟ್ರೆ? ಯಾವ ಮಾತು ಹೇಳಬಾರದು ಅಂತ ಗೊತ್ತಾಗ್ಬೇಕಲ್ಲ?"

ಗೋಂದಮ್ಮನವರು ನಲ್ಲಿ ನಿಲ್ಲಿಸಿದರು. ಒದ್ದೆ ನೆಲದ ಮೇಲೆಯೇ ಕುಕ್ಕರಿಸಿದರು. ಈಗ ಆ ಅಧ್ಯಾಯವಿರುವುದು ತಮ್ಮ ತಲೆಯೊಳಗೆ ಮಾತ್ರ ಎಂಬುದು ಅವರ ಅರಿವಿಗೆ ಬಂತು. ಹೇಳಿದರೆ ಈ ಮಗು ಅಲ್ಲಿ ಹೋಗಿ ಏನು ಮಾತಾಡೀತೋ. ಅದರಿಂದ ಯಾರ ಮನೆ ಬರಿದಾದೀತೋ. ಆ ತಾಯಿ ನಾಳೆ ಬಂದು ನೀವೇ ನನ್ನ ಮಗಳ ಬಾಯಿಗೆ ಮಾತು ಹಾಕಿದ್ದು ಎಂದರೆ? ಅವರು ಬಲ್ಲ ದಾರಿ ಒಂದೇ.

"ಅವಳು ಇಬ್ಬರ ಹೆಸರೂ ಹೇಳಿದ್ಲು ಮರಿ" ಎಂದರು. "ಜಡ್ಜ್ ನಕ್ಕು, ಸರಿ ಹೋಗು ಅಂದ್ರು."

ಗೊಂಚಲು ಮೂಗು ಒರೆಸಿಕೊಂಡಳು. "ಮತ್ತೆ ಕೊನೇಲಿ ಅಪ್ಪನ ಮನೇಲಿ ಯಾಕಿದಾಳೆ?"

ಗೋಂದಮ್ಮನವರು ಟಾರ್ಚನ್ನು ನೆಲದ ಮೇಲಿಟ್ಟರು. ಆಮೇಲೆ ನೆಲವನ್ನೇ ನೋಡುತ್ತ, ಒಂದೊಂದೇ ಮಾತನ್ನು ಎಳೆದು ಎಳೆದು ಹೇಳಿದರು.

"ಅವಳೂ ಇಬ್ಬರ ಹೆಸರು ಹೇಳ್ಬೇಕು ಅಂತಾನೇ ಹೋಗಿದ್ಲು. ಹೇಳೋಕೆ ಆಗ್ಲಿಲ್ಲ. ಬಾಯಿಗೆ ಬಂದಿದ್ದು 'ಅಪ್ಪ' ಅಂತ. ಅಷ್ಟು ಹೇಳಿ ಅತ್ಬಿಟ್ಲು. ಬಾಗಿಲಲ್ಲೊಂದು ಗಾಜಿತ್ತು. ಅದರಿಂದಾಚೆ ಅಮ್ಮ ನಿಂತಿದ್ಲು. ಮಗಳ ತುಟಿ ನೋಡಿನೇ ಅವಳಿಗೆ ಗೊತ್ತಾಗಿಹೋಯ್ತು."

"ಅಮ್ಮ ಏನ್ಮಾಡಿದ್ಲು?"

"ಅತ್ಲು."

"ಇವಳು ಹೊರಗೆ ಬಂದಾಗ ಮಾತಾಡ್ಸಿದ್ಲಾ?"

ಈ ಪ್ರಶ್ನೆಗಾಗಿಯೇ ಆ ಮಗು ಇಷ್ಟೆಲ್ಲ ಮಾಡಿತೆಂದು ಗೋಂದಮ್ಮನವರಿಗೆ ಆಗ ತಿಳಿಯಿತು. ಯಾರನ್ನು ಆರಿಸಬೇಕೆಂಬುದಲ್ಲ ಅದರ ಭಯ; ಆರಿಸಿದ ಮೇಲೆ ಇನ್ನೊಬ್ಬರು ತನಗೆ ಉಳಿಯುತ್ತಾರೋ ಇಲ್ಲವೋ ಎಂಬುದು.

"ಮಾತಾಡ್ಸೋಕಾಗ್ಲಿಲ್ಲ. ಆದ್ರೆ ಇವಳ ಶೂ ಲೇಸ್ ಬಿಚ್ಚಿಹೋಗಿತ್ತು, ನೋಡು. ಅಮ್ಮ ಬಗ್ಗಿ ಅದನ್ನ ಕಟ್ಟಿದ್ಲು. ಒಂದು ಕಟ್ಟಿ, ಇನ್ನೊಂದು ಸರಿಯಾಗೇ ಇದ್ರೂ ಅದನ್ನೂ ಬಿಚ್ಚಿ ಕಟ್ಟಿದ್ಲು. ಆಮೇಲೆ ಮೂರೂ ಜನ ಮೆಟ್ಟಿಲಿಳಿದು ಹೋದ್ರು."

"ಅಷ್ಟೇನಾ?"

"ಅಷ್ಟೇ."

"ಇದರಲ್ಲಿ ಅಂಟ್ಸೋವಂಥದ್ದು ಏನಿತ್ತು ಆಂಟಿ?"

"ನಂಗೆ ಹೆದರಿಕೆ ಆಗಿತ್ತು ಮರಿ" ಎಂದರು ಗೋಂದಮ್ಮನವರು. "ಈಗ್ಲೂ ಆಗ್ತಿದೆ." ಅವರ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಗೊಂಚಲು ಅವರನ್ನೇ ದಿಟ್ಟಿಸಿದಳು. ಇಷ್ಟು ದೊಡ್ಡವರೊಬ್ಬರು ಇಷ್ಟು ಬಿಚ್ಚಿ ಹೆದರುವುದನ್ನು ಅವಳು ಕಂಡಿರಲಿಲ್ಲ. ಎರಡೂ ಮನೆಗಳಲ್ಲಿ ಎಲ್ಲರೂ ಅವಳ ಮುಂದೆ ನಗುತ್ತಲೇ ಇದ್ದರು.

ಮೇಲೆ ಬಂದಾಗ ತಾಯಿ ಮಗಳನ್ನು ಬಾಚಿ ತಬ್ಬಿಕೊಂಡರು, ಒದ್ದೆ ತೋಳು ನೋಡಿ ಬೈದರು, ಮತ್ತೆ ತಬ್ಬಿಕೊಂಡರು. ಗೋಂದಮ್ಮನವರು ಕಪಾಟಿಗೊರಗಿ ನಿಂತು, ಪುಸ್ತಕ ಹಾಳಾದದ್ದು ತಮ್ಮಿಂದ, ಮಗುವಿನ ತಪ್ಪಿಲ್ಲ, ತಾವು ಕೊಟ್ಟ ಮಾತನ್ನೂ ಉಳಿಸಿಕೊಳ್ಳಲಿಲ್ಲ, ಕಥೆಯ ಕೋರ್ಟಿನ ಅಧ್ಯಾಯವನ್ನೆಲ್ಲ ಹೇಳಿಬಿಟ್ಟದ್ದಾಯಿತು ಎಂದು ತಡವರಿಸಿದರು. ತಾಯಿಯ ಮುಖ ಬಿಳುಪೇರಿತು. ಏನನ್ನೋ ಖಾರವಾಗಿ ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಗೊಂಚಲು ನಡುವೆ ಬಂದಳು.

"ಅಮ್ಮಾ, ಸೋಮವಾರ ಆಂಟೀನೂ ಬರ್ಲಿ."

"ಅವರು ಯಾಕೆ?"

"ಅವರಿಗೆ ನನಗಿಂತ ಜಾಸ್ತಿ ಹೆದರಿಕೆ. ಪಕ್ಕದಲ್ಲಿ ಕೂತ್ರೆ ನಂಗೆ ಸ್ವಲ್ಪ ಕಡಿಮೆ ಆಗುತ್ತೆ."

ತಾಯಿ ಉಸಿರು ಬಿಗಿಹಿಡಿದು ಮಗಳನ್ನು ನೋಡಿದರು. ಎಷ್ಟೋ ತಿಂಗಳಲ್ಲಿ ಆ ಹುಡುಗಿ ತನಗೆ ಹೆದರಿಕೆಯೆಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಂತೆ. ಹೇಳಬೇಕೆಂದಿದ್ದ ಖಾರದ ಮಾತು ಅಲ್ಲೇ ಉಳಿಯಿತು. "ಬರ್ತೀರಾ ಮೇಡಂ?" ಎಂದರು.

ಸೋಮವಾರ ಅವರು ಕೋರ್ಟಿಗೆ ಹೋದರು. ಆ ಕಟ್ಟಡದಲ್ಲಿ ಅವರನ್ನು ಹೆದರಿಸದ ವಸ್ತು ಯಾವುದೂ ಇರಲಿಲ್ಲ: ಎತ್ತರದ ಬಾಗಿಲುಗಳು, ಬೂಟಿನ ಸದ್ದು, ಕೋಲು ಹಿಡಿದ ಪೇದೆ, ಹೆಸರು ಕೂಗುವವನ ಕರ್ಕಶ ದನಿ. ಮೊಗಸಾಲೆಯ ಉದ್ದನೆಯ ಬೆಂಚಿನ ಒಂದು ತುದಿಯಲ್ಲಿ ಗೊಂಚಲಿನ ತಂದೆ, ಇನ್ನೊಂದು ತುದಿಯಲ್ಲಿ ತಾಯಿ. ಇಬ್ಬರೂ ಒಬ್ಬರನ್ನೊಬ್ಬರು ನೋಡದಿರುವ ಶ್ರಮದಿಂದಲೇ ದಣಿದಿದ್ದರು. ನಡುವೆ ಗೋಂದಮ್ಮನವರು, ಅವರಿಗೊತ್ತಿಕೊಂಡು ಗೊಂಚಲು. ಹೆಸರು ಕೂಗಿದರು. ಹುಡುಗಿ ಕೊರಳಿಂದ ಬೀಗದ ಕೈಗಳನ್ನು ತೆಗೆದು ಗೋಂದಮ್ಮನವರ ಮಡಿಲಿಗೆ ಹಾಕಿ, ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

ಒಳಗೇನಾಯಿತೆಂದು ನಾನು ಹೇಳಲಾರೆ. ಗೋಂದಮ್ಮನವರೂ ಹೇಳಲಾರರು, ಅವರು ಎಂದೂ ಕೇಳಲಿಲ್ಲ. ಹೊರಗೆ ಕೂತಿದ್ದಷ್ಟು ಹೊತ್ತೂ ಎದ್ದು ಓಡಿಹೋಗಬೇಕೆಂಬ ಒಂದೇ ಬಯಕೆ ತಮ್ಮನ್ನು ಹಿಂಡುತ್ತಿತ್ತೆಂದೂ, ಮಡಿಲಲ್ಲಿ ಆ ಬೀಗದ ಕೈಗಳಿದ್ದುದರಿಂದ ಏಳಲಾಗಲಿಲ್ಲವೆಂದೂ ಅಕ್ಕನ ಬಳಿ ಹೇಳಿಕೊಂಡರಂತೆ. ಕೊನೆಗೆ ಬಾಗಿಲು ತೆರೆಯಿತು. ಗೊಂಚಲು ಹೊಸ್ತಿಲಲ್ಲಿ ನಿಂತಳು. ತಂದೆ ದಡಕ್ಕನೆ ಎದ್ದರು, ತಾಯಿಯೂ ಎದ್ದರು, ಇಬ್ಬರೂ ಎರಡು ಹೆಜ್ಜೆ ಬಂದು ಗಕ್ಕನೆ ನಿಂತುಬಿಟ್ಟರು. ಮೊದಲು ಹೋದರೆ ತಪ್ಪೇ, ಹೋಗದಿದ್ದರೆ ತಪ್ಪೇ, ಮಗು ತನ್ನ ಹೆಸರು ಹೇಳಿರಬಹುದೇ, ಹೇಳದಿದ್ದರೆ ತಾನದರ ಮುಖವನ್ನು ಹೇಗೆ ನೋಡಬೇಕು? ಮಗು ನಡುವೆ ಒಂಟಿಯಾಗಿ ನಿಂತಿತ್ತು.

ಆ ಇಬ್ಬರ ಮುಖ ನೋಡಿ ಗೋಂದಮ್ಮನವರಿಗೆ ಒಂದು ವಿಚಿತ್ರವಾದ ಪರಿಚಯಭಾವ ಬಂತು. ಇವರು ಕೆಟ್ಟವರಲ್ಲ, ಕಲ್ಲೆದೆಯವರಲ್ಲ. ಹೆದರಿದವರು, ಅಪ್ಪಟ ತಮ್ಮ ಕುಲದವರು. ಅವರು ಎದ್ದರು. ಮೊಗಸಾಲೆಯ ನಟ್ಟನಡುವೆ, ಎಲ್ಲರೂ ನೋಡುತ್ತಿರುವಂತೆ ನಡೆದುಹೋಗಿ ಮಗುವಿನ ಕೈ ಹಿಡಿದುಕೊಂಡರು.

"ಹಸಿವಾಗ್ತಿದೆ" ಎಂದಳು ಗೊಂಚಲು.

"ಮಗೂಗೆ ಹಸಿವಾಗಿದೆ" ಎಂದರು ಗೋಂದಮ್ಮನವರು, ತಂದೆತಾಯಿ ಇಬ್ಬರನ್ನೂ ನೋಡುತ್ತ. "ಉಳಿದಿದ್ದೆಲ್ಲ ಆಮೇಲೆ ಹೆದರೋಣ. ಮೊದಲು ಊಟ ಕೊಡಿ."

ಇಬ್ಬರೂ ಒಟ್ಟಿಗೇ ಚೀಲಕ್ಕೆ ಕೈಹಾಕಿದರು. ಇಬ್ಬರೂ ಬುತ್ತಿ ತಂದಿದ್ದರು. ಅದೇ ಬೆಂಚಿನ ಮೇಲೆ ಎರಡು ಡಬ್ಬಿಗಳು ಪಕ್ಕಪಕ್ಕದಲ್ಲಿ ತೆರೆದುಕೊಂಡವು. ಗೊಂಚಲು ಕಾಲು ಮಡಚಿ ಕೂತು ಎರಡರಿಂದಲೂ ತಿಂದಳು, ಯಾರ ಮುಖವನ್ನೂ ನೋಡದೆ, ಹೊಟ್ಟೆ ತುಂಬ. ತಂದೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಹಿಡಿದುಕೊಂಡೇ ನಿಂತಿದ್ದರು. ತಾಯಿ ಅವಳ ಬಾಯಿಯಂಚನ್ನು ಒರೆಸಿದರು. ಯಾರೂ ಏನನ್ನೂ ಕೇಳಲಿಲ್ಲ.

ಇಷ್ಟಾದ ಮೇಲೆ ಗೋಂದಮ್ಮನವರು ಸಿಂಹಿಣಿಯಾದರೆಂದು ಬರೆದರೆ ಅವರೇ ಆ ಪುಟವನ್ನು ಅಂಟಿಸಿಬಿಟ್ಟಾರು. ಅವರು ಎಂದಿನಂತೆಯೇ ಹೆದರುತ್ತಿದ್ದಾರೆ. ಕುಂಚವನ್ನೂ ಪೂರ್ತಿ ಬಿಟ್ಟಿಲ್ಲ. ಹಾವುಗಳ ವಿಷಯದಲ್ಲಿ ಅವರು ಯಾವ ರಾಜಿಗೂ ಸಿದ್ಧರಿಲ್ಲ. ಆದರೆ ಈಗ ಮಗುವೊಂದು ಪುಸ್ತಕ ಬಿಡಿಸಿ ಕೂತು, ಓದುತ್ತ ಓದುತ್ತ ಉಸಿರು ನಿಲ್ಲಿಸಿದ್ದು ಕಂಡರೆ, ಮೆಲ್ಲಗೆ ಬಂದು ಅದರ ಪಕ್ಕದಲ್ಲಿ ಕೂರುತ್ತಾರೆ. ಏನೂ ಹೇಳುವುದಿಲ್ಲ, ಆ ಪುಟ ಮುಗಿಯುವವರೆಗೂ ಏಳುವುದೂ ಇಲ್ಲ.

ಧೈರ್ಯವಂತರನ್ನು ಲೋಕ ಹೊಗಳುತ್ತದೆ, ಹೊಗಳಲಿ. ಆದರೆ ಅವರ ಮಗ್ಗುಲಲ್ಲಿ ನಿಂತಾಗ ನಮ್ಮ ನಡುಕಕ್ಕೆ ನಮಗೇ ನಾಚಿಕೆಯಾಗುತ್ತದೆ. ಅದನ್ನು ಅವಿತಿಡಲು ನಾವು ನಗುತ್ತೇವೆ, ನಕ್ಕಷ್ಟೂ ಒಳಗೆ ಒಂಟಿಯಾಗುತ್ತೇವೆ. ಹುಟ್ಟಾ ಅಂಜುಗುಳಿಗಳ ಮುಂದೆ ಈ ನಾಟಕ ಬೇಕಿಲ್ಲ. ಕೇಡಿನ ಊರುಕೇರಿಯನ್ನೆಲ್ಲ ಅವರು ನಮಗಿಂತ ಮೊದಲೇ ಸುತ್ತಿ ಬಂದಿರುತ್ತಾರೆ. ಅದಕ್ಕೇ ಅವರು ನಮ್ಮನ್ನು ತಡೆಯುತ್ತಾರೆ, ಕಾಡುತ್ತಾರೆ, ಎಷ್ಟೋ ಸಲ ನಮಗೆ ಬೇಕಾದ ಬಾಗಿಲನ್ನೇ ಮುಚ್ಚಿ ಅಪಕಾರ ಮಾಡುತ್ತಾರೆ. ಆದರೆ ಹೋಗಲೇಬೇಕಾದ ಕಡೆಗೆ ನಾವು ಹೊರಟು ನಿಂತ ದಿನ, ಅಂಥವರೊಬ್ಬರು ಜೊತೆಗೆ ಬರಲು ಒಪ್ಪಿದರೆ, ಅದಕ್ಕಿಂತ ದೊಡ್ಡ ಆಸರೆ ಬೇರೆಯಿಲ್ಲ. ಅವರ ಕೈ ತಣ್ಣಗಿರುತ್ತದೆ, ಬೆವರಿರುತ್ತದೆ, ನಮ್ಮದಕ್ಕಿಂತ ಹೆಚ್ಚು ನಡುಗುತ್ತಿರುತ್ತದೆ. ಬಿಡುವುದು ಮಾತ್ರ ಇಲ್ಲ.